ನನ್ನನ್ನು ಕಂಡರೆ ಅಕ್ಕನಿಗೆ ವಾಂತಿ

ಔಷಧ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಮೈಸೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವುದು ನನ್ನ ಕೆಲಸವಾಗಿತ್ತು. ಮನೆಯವರಿಗೆ ಮಾತ್ರ ನಾನು ಪುಕ್ಕಟೆ ಸಲಹೆಯ ಅಂಗಡಿ. ತೊಂಬತ್ತರ ದಶಕದ ಕೊನೆಯಲ್ಲಿ ಅಕ್ಕನಿಗೆ ಸ್ತನದ ಕ್ಯಾನ್ಸರ್ ಎಂದಾಗ ಆ ಅಂಗಡಿಯಲ್ಲಿ ಸರಕೇ ಇಲ್ಲವೆಂದು ತಿಳಿಯಿತು.

ಅಕ್ಕ ಮದುವೆಯಾಗಿರಲಿಲ್ಲ, ಒಂಟಿಕೊಪ್ಪಲಿನ ಮನೆಯಲ್ಲಿ ಅಮ್ಮನ ಜೊತೆ ಇದ್ದಳು. ನಾನು ರಾಮಕೃಷ್ಣನಗರದಿಂದ ಹೋಗಿ, ಆಟೋದಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದು, ಕೀಮೋ ಮುಗಿಯುವವರೆಗೆ ಪಕ್ಕದಲ್ಲಿ ಕೂತು, ಮತ್ತೆ ಮನೆ ಸೇರಿಸುತ್ತಿದ್ದೆ. ಬೇರೆ ಯಾರಿಗೂ ಆ ಕೆಲಸ ಬಿಟ್ಟುಕೊಡಲಿಲ್ಲ. ಅಕ್ಕನ ವಿಷಯದಲ್ಲಿ ನಾನು ಬಲು ಜಿಪುಣಿ.

ಮೊದಲ ಸಲವೇ ಕರುಳು ಕಿತ್ತು ಬರುವಂಥ ವಾಂತಿ. ಅದಕ್ಕೆಂದು ಕೊಟ್ಟ ಇಂಜೆಕ್ಷನ್ನಿನಿಂದ ಆ ದಿನದ್ದು ತಗ್ಗಿತು, ಮರುದಿನದ್ದು ತಗ್ಗಲಿಲ್ಲ. ವಾಸನೆ ಆಗದೆಂದು ಅಮ್ಮ ಒಗ್ಗರಣೆ ಹಾಕುವುದನ್ನೇ ಬಿಟ್ಟರು. ಇಂಗು, ಸಾಸಿವೆ ಕಾಣದ ಸಾರನ್ನು ಮೂವರೂ ತುಟಿಪಿಟಕ್ಕೆನ್ನದೆ ಉಣ್ಣುತ್ತಿದ್ದೆವು.

ಆಗ ನನಗೆ ನೆನಪಾದದ್ದು ನ್ಯಾಬಿಲೋನ್. ಪ್ರತಿ ವರ್ಷ ಪಾಠ ಮಾಡುತ್ತಿದ್ದ ಔಷಧ. ಅದು ಗಾಂಜಾ ಸೊಪ್ಪಿನಿಂದ ತೆಗೆದದ್ದಲ್ಲ, ಪ್ರಯೋಗಶಾಲೆಯಲ್ಲಿ ಕಟ್ಟಿದ್ದು. ಆದರೆ ಮಿದುಳಿನಲ್ಲಿ ಎರಡೂ ಹೋಗಿ ಕೂರುವ ಜಾಗ ಒಂದೇ. ವಾಂತಿಯನ್ನು ಆಳುವ ಭಾಗದಲ್ಲೂ ಅಂಥ ಜಾಗಗಳಿವೆ. ಔಷಧ ಅಲ್ಲಿ ಕೂತರೆ ನರಗಳ ಗದ್ದಲ ತಗ್ಗುತ್ತದೆ. ನಮ್ಮ ಮಿದುಳು ತಾನೇ ತಯಾರಿಸಿಕೊಳ್ಳುವ ಇಂಥದೊಂದು ವಸ್ತುವಿಗೆ ವಿಜ್ಞಾನಿಗಳು ‘ಆನಂದ’ ಎಂಬ ನಮ್ಮ ಪದದಿಂದಲೇ ಹೆಸರು ಕಟ್ಟಿದ್ದರು. ಹೊರದೇಶಗಳಲ್ಲಿ, ಬೇರೆ ಮದ್ದಿಗೆ ಜಗ್ಗದ ಕೀಮೋ ವಾಂತಿಗೆ ನ್ಯಾಬಿಲೋನ್ ಕೊಡುತ್ತಿದ್ದರು. ಮಂಪರು, ತಲೆಸುತ್ತು, ಒಣಬಾಯಿ, ಕೆಲವರಿಗೆ ಮನಸ್ಸಿನ ಗೊಂದಲ, ಇವೂ ಅದರ ಬೆನ್ನಿಗೇ ಬರುತ್ತಿದ್ದವು. ಊರಿನ ಔಷಧಿ ಅಂಗಡಿಗಳಲ್ಲೆಲ್ಲ ವಿಚಾರಿಸಿದೆ. ಹೆಸರು ಕೇಳಿದವರೇ ಇರಲಿಲ್ಲ.

“ಗಾಂಜಾ ಬಳಗದ್ದಾ? ನಿನ್ ಓದಿಗೆ ಬೆಂಕಿ ಹಾಕ! ಮಠಕ್ಕೆ ನಡ್ಕೊಳ್ಳೋ ಮನೆ ಕಣೆ ಇದು,” ಎಂದರು ಅಮ್ಮ.

ಮಲಗಿದ್ದ ಅಕ್ಕ ಕಣ್ಣು ಮುಚ್ಚಿಕೊಂಡೇ, “ಸಿಕ್ರೆ ತಂದ್ಕೊಡ್ಲಿ ಬುಡಮ್ಮ. ಶಿವನಿಗೇ ಇಲ್ದಿರೋ ಮಡಿ ನಂಗ್ಯಾಕೆ?” ಎಂದಳು. ಅಮ್ಮನಿಗೂ ನಗು ಬಂದುಬಿಟ್ಟಿತು. ಆ ಮನೆಯಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಮುಂದೆ ಆಸ್ಪತ್ರೆಯ ರಸ್ತೆಗೆ ಆಟೋ ತಿರುಗುತ್ತಿದ್ದಂತೆಯೇ, ಸೂಜಿ ಚುಚ್ಚುವ ಮೊದಲೇ, ಅವಳಿಗೆ ವಾಂತಿ ಶುರುವಾಯಿತು. ಆಮೇಲೆ ಒಂದು ಭಾನುವಾರ ರಸಬಾಳೆ ಹಿಡಿದುಕೊಂಡು ಸುಮ್ಮನೆ ನೋಡಲು ಹೋದೆ. ಕೀಮೋ ಇರಲಿಲ್ಲ. ಅಕ್ಕ ಜಗಲಿಯಲ್ಲಿ ಕೂತು, ಅಮ್ಮನ ಜೊತೆ ಹರಟುತ್ತಾ ಮಜ್ಜಿಗೆ ಅನ್ನ ಉಣ್ಣುತ್ತಿದ್ದಳು. ಗೇಟು ತೆರೆದ ನನ್ನನ್ನು ನೋಡಿದಳು. ಉಂಡದ್ದೆಲ್ಲ ಹೊರಗೆ ಬಂತು.

ಅಮ್ಮ ನೆಲ ತೊಳೆದರು. ನನಗೆ ಮಾತ್ರ ಎಲ್ಲ ಅರ್ಥವಾಗಿತ್ತು. ಗಂಟೆ ಬಾರಿಸಿದರೆ ಜೊಲ್ಲು ಸುರಿಸುವ ನಾಯಿಯ ಪಾಠವನ್ನು ಮಕ್ಕಳೂ ಓದಿರುತ್ತಾರೆ. ಪ್ರತಿ ಸಲ ಆ ವಿಷ ಮೈಗಿಳಿಯುವಾಗ ಅಕ್ಕನ ಕಣ್ಣೆದುರು ಇದ್ದವಳು ನಾನು. ಅವಳ ಮೈ ನನ್ನನ್ನೂ ವಿಷವನ್ನೂ ಒಂದೇ ಗಂಟಿನಲ್ಲಿ ಕಟ್ಟಿತ್ತು. ಇಂಥ ಕಲಿತ ವಾಂತಿಗೆ ಆ ಇಂಜೆಕ್ಷನ್ ನಾಟುವುದು ಕಡಿಮೆ. ನ್ಯಾಬಿಲೋನ್ ಬಳಗದ ಔಷಧಗಳು ಇದನ್ನೂ ತಗ್ಗಿಸಬಹುದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆಯೆಂದು ವರ್ಷಗಳ ಮೇಲೆ ಓದಿದೆ. ಓದಿ, ಆ ಪತ್ರಿಕೆಯನ್ನು ಮೇಜಿನ ಮೇಲೆ ಕುಕ್ಕಿದೆ. ಇಲಿಗಳಿಗೆ ಸಿಕ್ಕಿತು, ನನ್ನ ಅಕ್ಕನಿಗೆ ಸಿಗಲಿಲ್ಲ.

ನಾನು ಹೋಗುವುದನ್ನು ನಿಲ್ಲಿಸಿದೆ. ಅಮ್ಮನೇ ಅವಳನ್ನು ಆಸ್ಪತ್ರೆಗೆ ಕರೆದೊಯ್ಯತೊಡಗಿದರು. ಸಂಜೆ ಫೋನು ಮಾಡಿ, “ಇವತ್ತು ಇಡ್ಲಿ ತಿಂದ್ಲು ಕಣಮ್ಮ, ಹೊಟ್ಟೇಲಿ ನಿಲ್ತು,” ಎನ್ನುತ್ತಿದ್ದರು. ನನಗೆ ಸಂತೋಷವಾಗುತ್ತಿತ್ತು. ಫೋನು ಇಟ್ಟ ಮೇಲೆ ಅಳು ಬರುತ್ತಿತ್ತು. ನಾನು ಇಲ್ಲದಿದ್ದರೆ ನನ್ನ ಅಕ್ಕ ಉಣ್ಣುತ್ತಾಳೆ ಎಂಬುದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?

ರೋಗ ಯಕೃತ್ತಿಗೆ ಹಬ್ಬಿತು. ಕೀಮೋ ಸಾಕೆಂದರು ಡಾಕ್ಟರು. ಆ ದಿನ ಅಕ್ಕನೇ ಫೋನು ಹಿಡಿದು, “ಬಾ” ಎಂದಳು.

“ನಾ ಬಂದ್ರೆ ನಿಂಗೆ ವಾಂತಿ ಆಗುತ್ತಲ್ಲಕ್ಕ.”

“ಆದ್ರೆ ಆಗ್ಲಿ ಕಣೆ. ಮೈಗೆ ಏನೋ ತಲೆ ಕೆಟ್ಟಿದೆ. ನಂಗೆ ಕೆಟ್ಟಿಲ್ವಲ್ಲ. ಬಾ.”

ಹೋದೆ. ಬಾಗಿಲಲ್ಲಿ ನನ್ನನ್ನು ಕಾಣುತ್ತಲೇ ಅವಳಿಗೆ ಓಕರಿಕೆ ಬಂತು. ಹಿಂದೆ ಸರಿಯಲು ನೋಡಿದೆ, ಕೈ ಬೀಸಿ ಕರೆದಳು. ಅವಳು ಹೋಗುವವರೆಗೂ ಆ ಮಂಚದ ಪಕ್ಕದಲ್ಲೇ ಇದ್ದೆ. ಓಕರಿಕೆ ಕೊನೆಯವರೆಗೂ ನಿಲ್ಲಲಿಲ್ಲ. ಪ್ರತಿ ಸಲವೂ ಅಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಕ್ಕುತ್ತಿದ್ದಳು, ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದಳು, ಮತ್ತೆ ನನ್ನ ಕಡೆಗೇ ತಿರುಗುತ್ತಿದ್ದಳು.