ಬೆನಕಪ್ಪನ ಇಪ್ಪತ್ಮೂರು ಗಿಡ

ಬೆನಕಪ್ಪನಿಗೆ ತಲೆ ನೆಟ್ಟಗಿರಲಿಲ್ಲ ಎಂದು ಸೊರಬದಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಹೇಳಿಕೊಳ್ಳಲಿ, ಅವರ ಬಾಯಿ ಅವರದು. ನನ್ನೆದುರಿಗೆ ಮಾತ್ರ ಹೇಳಬೇಡಿ, ಮೈಯೆಲ್ಲ ಉರಿಯುತ್ತದೆ. ಅವನ ತಲೆ ನಮ್ಮೆಲ್ಲರ ತಲೆಗಿಂತ ನೆಟ್ಟಗಿತ್ತು. ಅವನ ವಿಷಯ ಹೇಳುವುದಕ್ಕೆ ನನಗಿಂತ ಯೋಗ್ಯರು ಇದ್ದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಯಾರೂ ಇಲ್ಲ.

ಅವನು ಶಿಕಾರಿಪುರದಿಂದಾಚೆ, ಬಯಲು ಕಡೆಯ ಒಂದು ಹಳ್ಳಿಯವನು. ಹೆಂಡತಿ ಹಾಲಮ್ಮ ತೀರಿಕೊಂಡ ಮೇಲೆ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಒಬ್ಬನೇ ಸೊರಬಕ್ಕೆ ಬಂದ. ಬಸ್ಸು ನಿಲ್ಲುವ ಜಾಗದ ಪಕ್ಕದಲ್ಲಿ ನಾಲ್ಕು ತಗಡು ಹೊದಿಸಿಕೊಂಡು ತಗಡಿನ ಕೆಲಸಕ್ಕೆ ಕೂತ. ತೂತು ಬಿದ್ದ ಕೊಡಕ್ಕೆ ಬೆಸುಗೆ ಹಾಕುವುದು, ಸೀಮೆಎಣ್ಣೆ ಡಬ್ಬಕ್ಕೆ ಹಿಡಿ ಕೂರಿಸುವುದು, ಬುಡ್ಡಿದೀಪ ಮಾಡುವುದು. ಊರು ಯಾಕೆ ಬಿಟ್ಟ, ಮಕ್ಕಳಿದ್ದಾರೋ ಇಲ್ಲವೋ, ಹಬ್ಬದ ದಿನ ಎಲ್ಲಿ ಉಣ್ಣುತ್ತಾನೆ ಎಂದು ನಾವು ಯಾರೂ ಕೇಳಲಿಲ್ಲ. ಮೂರು ವರ್ಷ ದಿನಾ ಅವನ ಮುಖ ನೋಡಿದ ನಾನೂ ಕೇಳಲಿಲ್ಲ.

ಐವತ್ತಾರನೇ ಇಸವಿಯ ಮಳೆಗಾಲದಲ್ಲಿ ವನಮಹೋತ್ಸವ ಬಂತು. ಅಡಿಕೆ ವ್ಯಾಪಾರದ ಮಲ್ಲಿಕಾರ್ಜುನಪ್ಪನವರು ಊರಿನ ಹನ್ನೊಂದು ಜನರನ್ನು ಸೇರಿಸಿ ಒಂದು ಸಮಿತಿ ಮಾಡಿದರು. ಬಸ್ಸು ನಿಲ್ಲುವಲ್ಲಿಂದ ಉಳವಿ ರಸ್ತೆಯ ತಿರುವಿನವರೆಗೆ, ಎರಡೂ ಬದಿಗೆ, ಹೊಂಗೆ, ಬೇವು, ನೇರಳೆ ಎಲ್ಲ ಸೇರಿ ನಲವತ್ತು ಸಸಿ ನೆಟ್ಟೆವು. ನೆಟ್ಟವರಲ್ಲಿ ನಾನೂ ಒಬ್ಬ, ಬೆನಕಪ್ಪನೂ ಒಬ್ಬ. ಆಗ ನನಗೆ ಇಪ್ಪತ್ತೊಂದು ವರ್ಷ. ಮಲ್ಲಿಕಾರ್ಜುನಪ್ಪನವರು ಮೊದಲ ಸಸಿಯ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಭಾಷಣ ಆಯಿತು, ಮಂಡಕ್ಕಿ ಕಾಫಿ ಆಯಿತು, ಕೈ ತೊಳೆದುಕೊಂಡು ಮನೆಗೆ ಹೋದೆವು.

ನಿಜ ಹೇಳಬೇಕೆಂದರೆ ಆ ಕೆಲಸದ ಬಗ್ಗೆ ನಮಗೆ ಒಳಗೊಳಗೇ ನಗು. ಕೂಗಿದರೆ ಕೇಳುವಷ್ಟು ದೂರದಲ್ಲಿ ಕಾಡು. ಅಲ್ಲಿ ಯಾರು ನೆಟ್ಟಿದ್ದಾರೆ, ಯಾರು ನೀರು ಹಾಕಿದ್ದಾರೆ? ಮಳೆ ನಿಲ್ಲುವವರೆಗೆ ಸಸಿಗಳು ಚೆನ್ನಾಗಿಯೇ ಇದ್ದವು. ಮಾಘದ ಬಿಸಿಲಿಗೆ ಒಂದೊಂದಾಗಿ ಒಣಗತೊಡಗಿದಾಗ ಸಮಿತಿಯವರು ಒಬ್ಬೊಬ್ಬರಾಗಿ ಕಾಣೆಯಾದರು. ಆಮೇಲೆ ಕ್ಯಾಸನೂರು ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಜನಕ್ಕೂ ಜ್ವರ ಬರುತ್ತಿದೆ ಎಂಬ ಸುದ್ದಿ ಬಂತು. ಮರ ಇದ್ದರೆ ಮಂಗ ಬರುತ್ತದೆ, ಮಂಗ ಬಂದರೆ ಜ್ವರ ಬರುತ್ತದೆ ಎಂದು ಉಳಿದ ಇಬ್ಬರು ಮೂವರಿಗೂ ಒಂದು ನೆವ ಸಿಕ್ಕಿತು. ನನಗೆ ಆ ನೆವವೂ ಬೇಕಾಗಲಿಲ್ಲ. ಸೋಮಾರಿತನ ಸಾಕಾಗಿತ್ತು.

ಉಳಿದವನು ಬೆನಕಪ್ಪ. ಅವನಿಗೆ ಗೊತ್ತಿದ್ದದ್ದು ಬಯಲು ಸೀಮೆಯ ಬಿಸಿಲು. ಹಳೆಯ ಡಬ್ಬಗಳ ತಳಕ್ಕೆ ಮೊಳೆಯಿಂದ ಒಂದೇ ಒಂದು ತೂತು ಹೊಡೆದು, ಅದಕ್ಕೆ ಬಟ್ಟೆಯ ಬತ್ತಿ ತುರುಕಿ, ಪ್ರತಿ ಸಸಿಯ ಬುಡದಲ್ಲಿ ಒಂದೊಂದು ಹೂತಿಟ್ಟ. ಬೆಳಿಗ್ಗೆ ತುಂಬಿಸಿದರೆ ಸಂಜೆಯವರೆಗೆ ಬೇರಿಗೆ ನೀರು ಜಿನುಗುತ್ತಿತ್ತು. ನೀರು ವನಜಮ್ಮನ ಹೋಟೆಲಿನ ಹಿಂದಿನ ಬಾವಿಯದು. ಬೆಳಗಿನ ಕಾಫಿಗೆ ಜನ ಬರುವ ಮೊದಲೇ ಅವನು ಸೇದಿ ಮುಗಿಸಬೇಕು, ಇಲ್ಲದಿದ್ದರೆ ಆಕೆ ಬೈಯುತ್ತಿದ್ದಳು. ಬೈದು, ಆಮೇಲೆ ಎರಡು ಇಡ್ಲಿ ಕೊಡುತ್ತಿದ್ದಳು. ಆ ಊರಲ್ಲಿ ಅವನಿಗೆ ಸಿಕ್ಕಿದ ಮರ್ಯಾದೆ ಅಷ್ಟೇ.

ಸಂಜೆ ನಾನು ಅವನ ಅಂಗಡಿ ಮುಂದೆ ಹಾದುಹೋಗುವಾಗ, ನಾಳೆ ನೀರಿಗೆ ಬರ್ತೀಯಾ ತಮ್ಮಾ ಎಂದು ಕೇಳುತ್ತಿದ್ದ. ಬರ್ತೀನಿ ಬೆನಕಣ್ಣ ಎನ್ನುತ್ತಿದ್ದೆ. ಹೋಗುತ್ತಿರಲಿಲ್ಲ. ನಾನು ಬರುತ್ತೇನೆಂದು ಅವನು ಇನ್ನೊಂದು ಕೊಡ ತೊಳೆದು ಬಾವಿಕಟ್ಟೆಯ ಮೇಲೆ ಇಟ್ಟಿರುತ್ತಿದ್ದನಂತೆ. ಎಷ್ಟೋ ದಿನ ಇಟ್ಟಿದ್ದ ಎಂದು ವನಜಮ್ಮ ಹೇಳಿದಳು. ಮರುದಿನ ಸಂಜೆ ಅದೇ ಪ್ರಶ್ನೆ, ಅದೇ ದನಿ, ಒಂದು ಚೂರು ಕೋಪವಿಲ್ಲ. ಅವನು ಕೇಳುತ್ತಿದ್ದದ್ದು ಸಹಾಯವನ್ನಲ್ಲ, ಜೊತೆಯನ್ನು. ಇದು ಹೊಳೆಯುವುದಕ್ಕೆ ನನಗೆ ಮದುವೆಯಾಗಿ, ಹೆಂಡತಿ ತವರಿಗೆ ಹೋಗಿ, ಖಾಲಿ ಮನೆಯಲ್ಲಿ ಒಬ್ಬನೇ ಉಂಡು ಏಳಬೇಕಾಯಿತು.

ಈಗ ಒಂದು ಮಾತಿನ ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಸೊರಬದ ಕಡೆ ಗಿಡ ಎಂದರೆ ಸಣ್ಣದು, ತುಳಸಿ ಗಿಡ, ಮೆಣಸಿನ ಗಿಡ. ಎತ್ತರಕ್ಕೆ ಬೆಳೆದರೆ ಮರ. ಬೆನಕಪ್ಪನ ಕಡೆ ಹಾಗಲ್ಲ, ನೂರು ಜನ ಕೂರುವಷ್ಟು ನೆರಳಿನ ಬೇವೂ ಗಿಡವೇ. ಅವನ ಬಾಯಲ್ಲಿ ಆಲದ ಗಿಡ, ಹುಣಸೆ ಗಿಡ ಎಂದು ಕೇಳಿದರೆ ನಮಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಆಲದ ಗಿಡವನ್ನು ಕುಂಡದಲ್ಲಿ ಇಟ್ಟಿದ್ದೀರಾ ಬೆನಕಣ್ಣ ಎಂದು ಮೊದಲು ಕಿಚಾಯಿಸಿದವನು ನಾನೇ. ಗಿಡದ ಬೆನಕಪ್ಪ ಎಂದು ಹೆಸರಿಟ್ಟವನೂ ನಾನೇ. ಊರೆಲ್ಲ ಆ ಹೆಸರು ಹಿಡಿಯಿತು.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ದಿನ ನನ್ನನ್ನು ಕೂರಿಸಿಕೊಂಡು ತನ್ನ ಲೆಕ್ಕ ವಿವರಿಸಿದ. “ಮರ ಅಂದ್ರೆ ಸತ್ತದ್ದು ತಮ್ಮಾ. ಕಡಿದು ತೊಲೆ ಮಾಡ್ತಾರೆ, ಬಾಗಿಲ ಮಾಡ್ತಾರೆ, ಅದು ಮರ. ಉಸಿರಾಡ್ಕಂತ ನಿಂತಿದ್ದು ಗಿಡ.” ಇದು ಅವನ ಸೀಮೆಯವರೆಲ್ಲರ ಮಾತೋ, ಅವನೊಬ್ಬನ ಮಾತೋ ನನಗೆ ಗೊತ್ತಿಲ್ಲ. ಅವನು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು ಎಂಬುದಷ್ಟು ಗೊತ್ತು.

ಐವತ್ತೊಂಬತ್ತರ ಮಳೆ ಮುಗಿಯುವ ಹೊತ್ತಿಗೆ ನಲವತ್ತರಲ್ಲಿ ಇಪ್ಪತ್ಮೂರು ಉಳಿದಿದ್ದವು. ಎಲ್ಲವೂ ಆಳೆತ್ತರ ದಾಟಿದ್ದವು. ಬಸ್ಸಿಗೆ ಕಾಯುವ ಹೆಂಗಸರು ಹೊಂಗೆಯ ನೆರಳಿಗೆ ಸರಿದು ನಿಲ್ಲತೊಡಗಿದ್ದರು. ಚಂದ್ರಗುತ್ತಿಗೆ ಹರಕೆ ಹೊತ್ತು ಹೋಗುವವರು ಗಂಟು ಇಳಿಸಿ ಕೂರುತ್ತಿದ್ದರು. ನೆಟ್ಟದ್ದು ಯಾರು ಎಂದು ಅವರೂ ಕೇಳುತ್ತಿರಲಿಲ್ಲ. ಬೆನಕಪ್ಪ ಬೆಸುಗೆ ಹಾಕುತ್ತಾ ಅವರನ್ನೇ ನೋಡುತ್ತಿದ್ದ.

ಅದೇ ಸಮಯಕ್ಕೆ ರಸ್ತೆ ಅಗಲ ಮಾಡುವ ಕೆಲಸ ಬಂತು. ನಾನು ಆಗ ರಸ್ತೆ ಕಂಟ್ರಾಕ್ಟರರ ಹತ್ತಿರ ರೈಟರ್ ಕೆಲಸಕ್ಕೆ ಸೇರಿದ್ದೆ. ಕಂಟ್ರಾಕ್ಟರು ನನ್ನನ್ನು ಕರೆದು ಪಟ್ಟಿ ಮಾಡಿಕೊಂಡು ಬಾ ಎಂದರು. ರಸ್ತೆ ಬದಿಯ ಮರಗಳಿಗೆ ನಂಬರ್ ಹಾಕಬೇಕು, ಮೇಲಿನ ಅಪ್ಪಣೆ ಇಲ್ಲದೆ ಅವನ್ನು ಮುಟ್ಟುವ ಹಾಗಿಲ್ಲ. ಗಿಡಗಂಟಿಗಳಾದರೆ ಸವರಿ ಹಾಕಬಹುದು. ಮರ ಎಂದು ಬರೆದರೆ ಒಂದೊಂದಕ್ಕೂ ಟೇಪು ಹಿಡಿದು ಸುತ್ತಳತೆ, ಎತ್ತರ, ರಸ್ತೆಯಿಂದ ದೂರ ಎಲ್ಲ ತುಂಬಬೇಕು. ಗಿಡಕ್ಕಾದರೆ ಸಂಖ್ಯೆ ಬರೆದರೆ ಮುಗಿಯಿತು.

ನಾನು ಪಟ್ಟಿ ಹಿಡಿದು ಹೋದದ್ದು ಮಧ್ಯಾಹ್ನ. ಎರಡು ಗಂಟೆಗೆ ಉಳವಿ ಬಸ್ಸು. ಉಳವಿಯಲ್ಲಿ ನನಗೆ ಹೆಣ್ಣು ಗೊತ್ತಾಗಿತ್ತು, ಆವತ್ತು ಅವರ ಮನೆಗೆ ಬರುತ್ತೇನೆಂದು ಹೇಳಿ ಕಳಿಸಿದ್ದೆ. ಬೆನಕಪ್ಪ ಅಂಗಡಿಯಿಂದ ಎದ್ದು ಬಂದ. ನನ್ನ ಕೈಯಲ್ಲಿ ಕಾಗದ ನೋಡಿ ಅವನ ಮುಖ ಅರಳಿತು. ಮೂರು ವರ್ಷದಲ್ಲಿ ಮೊದಲ ಸಲ ಯಾರೋ ಅವನ ಗಿಡಗಳನ್ನು ಎಣಿಸಲು ಬಂದಿದ್ದರು. ಸಮಿತಿಯವರು ಕಳಿಸಿದರೇ ಎಂದು ಕೇಳಿದ. ನಾನು ಹೂಂ ಎಂದೂ ಹೇಳಲಿಲ್ಲ, ಉಹೂಂ ಎಂದೂ ಹೇಳಲಿಲ್ಲ. ರಸ್ತೆಯ ವಿಷಯ ಎತ್ತಿದರೆ ಅವನು ನನ್ನನ್ನು ಹಿಡಿದು ಕೂರಿಸುತ್ತಾನೆ, ಬಸ್ಸು ತಪ್ಪುತ್ತದೆ. ಮರ ಎಷ್ಟು, ಗಿಡ ಎಷ್ಟು ಹೇಳಿ ಎಂದೆ, ಅಷ್ಟೇ.

“ಮರ ಒಂದೂ ಆಗಿಲ್ಲ ತಮ್ಮಾ,” ಎಂದ. ಅವನ ದನಿಯಲ್ಲಿ ಎಂಥ ಹೆಮ್ಮೆ ಇತ್ತು! “ಇಪ್ಪತ್ಮೂರಕ್ಕೆ ಇಪ್ಪತ್ಮೂರೂ ಗಿಡ ಅದಾವೆ. ಹಂಗೇ ಬರ್ಕೋ.”

ಹಾಗೇ ಬರೆದುಕೊಂಡೆ. ಮರ: ಇಲ್ಲ. ಗಿಡ: ಇಪ್ಪತ್ಮೂರು. ಅವನು ಪಕ್ಕದಲ್ಲಿ ನಿಂತು ನಾನು ಬರೆಯುವುದನ್ನೇ ನೋಡುತ್ತಿದ್ದ, ಓದು ಬಾರದವನು. ಟೇಪು ನನ್ನ ಜೇಬಿನಿಂದ ಹೊರಗೆ ಬರಲೇ ಇಲ್ಲ. ಎರಡು ಗಂಟೆಯ ಬಸ್ಸು ಸಿಕ್ಕಿತು.

ಮುಂದಿನ ವಾರ ನನ್ನನ್ನು ಚಂದ್ರಗುತ್ತಿ ಕಡೆಯ ಕೆಲಸಕ್ಕೆ ಕಳಿಸಿದರು. ಬೆನಕಪ್ಪ ತಗಡು ತರಲು ಎರಡು ದಿನ ಶಿಕಾರಿಪುರಕ್ಕೆ ಹೋಗಿದ್ದ. ಆ ಎರಡು ದಿನದಲ್ಲಿ ಹೊರಗಿನ ಆಳುಗಳು ಬಂದು ನಂಬರ್ ಇಲ್ಲದ್ದನ್ನೆಲ್ಲ ಕಡಿದು, ಬುಡ ಕಿತ್ತು, ಮಣ್ಣು ತುಂಬಿಸಿಬಿಟ್ಟರು. ವನಜಮ್ಮ ಸೌಟು ಹಿಡಿದುಕೊಂಡೇ ರಸ್ತೆಗೆ ಬಂದು ಜಗಳವಾಡಿದಳಂತೆ. ಮೇಸ್ತ್ರಿ ಪಟ್ಟಿ ತೋರಿಸಿ, ಇಲ್ಲಿ ಮರವೇ ಇಲ್ಲವಲ್ಲಮ್ಮ ಎಂದನಂತೆ.

ನಾನು ತಿರುಗಿ ಬಂದ ಸಂಜೆ ಬೆನಕಪ್ಪ ತಗಡಿನ ಸುರುಳಿ ಹೆಗಲ ಮೇಲೆ ಹೊತ್ತು ರಸ್ತೆಯ ಮಧ್ಯೆ ನಿಂತಿದ್ದ. ಇಳಿಸುವುದೂ ಅವನಿಗೆ ಮರೆತುಹೋಗಿತ್ತು. ನನ್ನನ್ನು ಕಂಡು ಹತ್ತಿರ ಬಂದ. ಯಾರು ಹೇಳಿದರು ತಮ್ಮಾ, ಕಡೀರಿ ಅಂತ ಯಾರು ಹೇಳಿದರು ಎಂದು ಕೇಳಿದ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವನು ಕೇಳಿದ ರೀತಿಗೆ ನನಗೆ ಹೆದರಿಕೆಯಾಯಿತು. ಹೆದರಿದಾಗ ನನ್ನ ನಾಲಿಗೆ ಚುರುಕಾಗುತ್ತದೆ, ಇವತ್ತಿಗೂ ಅದೇ ರೋಗ.

“ನೀವೇ ಹೇಳಿದ್ದು ಬೆನಕಣ್ಣ,” ಎಂದೆ. “ಎಲ್ಲಾ ಗಿಡ ಅಂತ ನೀವೇ ಬರೆಸಿದ್ದಲ್ಲವಾ? ಇಲ್ಲಿ ಗಿಡ ಅಂದ್ರೆ ಸವರೋದು. ಮರ ಅಂದಿದ್ರೆ ಉಳೀತಿತ್ತು.”

ಅವನ ತುಟಿ ಅಲ್ಲಾಡುತ್ತಿತ್ತು. ಆ ಎರಡು ಮಾತುಗಳನ್ನು ಒಳಗೊಳಗೇ ಹೇಳಿ ನೋಡುತ್ತಿದ್ದ ಎಂದು ಕಾಣುತ್ತದೆ. ಆಮೇಲೆ ಅಂಗಡಿಗೆ ಹೋಗಿ, ತಗಡು ಇಳಿಸಿ, ಗೋಡೆಯ ಕಡೆ ಮುಖ ಮಾಡಿ ಕೂತ. ಎರಡು ದಿನ ಯಾರ ಕೊಡಕ್ಕೂ ಬೆಸುಗೆ ಹಾಕಲಿಲ್ಲ. ವನಜಮ್ಮ ಇಡ್ಲಿ ಕಳಿಸಿದರೆ ಹಾಗೇ ವಾಪಸು ಬಂತು.

ಮೂರನೆಯ ದಿನ ಮಲ್ಲಿಕಾರ್ಜುನಪ್ಪನವರು ಕಂಟ್ರಾಕ್ಟರರ ಶೆಡ್ಡಿಗೆ ಬಂದು ಕೂಗಾಡಿದರು. ಮೂರು ವರ್ಷ ಒಂದು ಚೊಂಬು ನೀರು ಹಾಕದ ಮಹಾನುಭಾವರು! ಫೋಟೋದಲ್ಲಿ ಅವರ ಜೊತೆ ನಿಂತ ಬೇವೂ ಹೋಗಿತ್ತು, ಅದಕ್ಕೇ ಅಷ್ಟು ಸಿಟ್ಟು. ನಾಳೆಯೇ ಶಿವಮೊಗ್ಗಕ್ಕೆ ಅರ್ಜಿ ಬರೆಯುತ್ತೇನೆಂದು ಹೆದರಿಸಿದರು. ಕಂಟ್ರಾಕ್ಟರು ಪಟ್ಟಿ ತೆಗೆದು ನನ್ನ ಮುಖಕ್ಕೆ ಹಿಡಿದರು. ಆಳೆತ್ತರದ ಮರ ನಿನ್ನ ಕಣ್ಣಿಗೆ ಗಿಡವಾಗಿ ಕಂಡಿತಾ, ಅಳತೆ ಹಿಡಿದೆಯಾ ಇಲ್ಲವಾ ಎಂದು ಕೇಳಿದರು. ನನ್ನ ಕೆಲಸ ಆವತ್ತಿಗೆ ಮುಗಿಯಿತು ಎಂದುಕೊಂಡೆ. ಕೆಲಸ ಹೋದರೆ ಉಳವಿಯವರು ಹೆಣ್ಣು ಕೊಡುವುದೂ ಅಷ್ಟರಲ್ಲೇ ಇತ್ತು.

ಆಗ ಬೆನಕಪ್ಪ ಒಳಗೆ ಬಂದ. ಗಲಾಟೆ ಕೇಳಿಸಿ ಬಂದಿದ್ದನೋ, ಯಾರಾದರೂ ಹೇಳಿದ್ದರೋ ತಿಳಿಯದು. ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು ನಿಂತ.

“ಈ ಹುಡುಗಂದು ತಪ್ಪಿಲ್ರೀ,” ಎಂದ. “ಬಂದು ಕೇಳ್ದ, ನಾ ಹೇಳಿದ್ದನ್ನ ಹಂಗೇ ಬರ್ಕಂಡ. ನಂಗೆ ಈ ಊರಿನ ಮಾತು ಬರಲ್ಲ. ಗಿಡ ಹಾಳಾಗಿದ್ದು ನನ್ನ ಬಾಯಿಂದ.”

ಶೆಡ್ಡಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಗಿಡದ ಬೆನಕಪ್ಪ ತನ್ನ ಗಿಡವನ್ನು ತಾನೇ ತೆಗೆಸಿಕೊಂಡ ಎಂಬ ಮಾತು ಅಲ್ಲೇ ಹುಟ್ಟಿತು, ಸಂಜೆಯೊಳಗೆ ಊರು ಸುತ್ತಿತು. ಮಲ್ಲಿಕಾರ್ಜುನಪ್ಪನವರು ತಲೆ ಚಚ್ಚಿಕೊಂಡು ಹೊರಟರು. ಕಂಟ್ರಾಕ್ಟರು ಪಟ್ಟಿ ಮಡಿಚಿ ಒಳಗಿಟ್ಟರು. ನನ್ನ ಕೆಲಸ ಉಳಿಯಿತು.

ಆ ವಾರವೇ ಅವನು ಅಂಗಡಿ ಕಿತ್ತ. ಶಿಕಾರಿಪುರದ ಬಸ್ಸಿಗೆ ಅವನನ್ನು ಹತ್ತಿಸಲು ಹೋದವನು ನಾನೊಬ್ಬನೇ. ವನಜಮ್ಮ ಹೋಟೆಲಿನ ಬಾಗಿಲಲ್ಲೇ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ನಿಂತಿದ್ದಳು. ಬಿಸಿಲು ನೇರ ತಲೆಯ ಮೇಲಿತ್ತು. ಅವನು ಪೆಟ್ಟಿಗೆಯ ಮೇಲೆ ಕೂತು ನನ್ನ ಕಡೆ ನೋಡಿದ.

“ನೀನೊಬ್ಬ ಖರೇ ಹೇಳ್ದೆ ತಮ್ಮಾ,” ಎಂದ. “ಬೇರೆ ಯಾರೂ ಹೇಳ್ತಿರ್ಲಿಲ್ಲ. ಯಾವನೋ ಕಡಿಸ್ದ ಅಂತ ಸಾಯಾ ತಂಕ ಬೈಕೊಂಡಿರ್ತಿದ್ದೆ.”

ಬಸ್ಸು ಬಂತು. ಪೆಟ್ಟಿಗೆಯನ್ನು ನಾನೇ ಮೇಲೆ ಎತ್ತಿ ಕೊಟ್ಟೆ. ಸೊರಬದಲ್ಲಿ ಅವನ ಮಾತು ಪೂರಾ ಅರ್ಥವಾಗುತ್ತಿದ್ದದ್ದು ನನಗೊಬ್ಬನಿಗೇ, ಪಟ್ಟಿ ಬರೆದ ಮಧ್ಯಾಹ್ನವೂ ಅರ್ಥವಾಗಿತ್ತು ಎಂದು ಹೇಳುವುದಕ್ಕೆ ಬೇಕಾದಷ್ಟು ಹೊತ್ತು ಆ ಬಸ್ಸು ಅಲ್ಲಿ ನಿಂತಿತ್ತು. ನಾನು ಹೇಳಲಿಲ್ಲ.