ಓರಗಿತ್ತಿಯ ಅಟ್ಟ

ಜರ್ಮನಿಯ ಅಬ್‌ಸ್ಟಾಟ್‌ನ ಪಕ್ಕದ ಊರಿನಲ್ಲಿ ನಾವು ಕೊಂಡದ್ದು ಪೂರ್ತಿ ಮನೆಯನ್ನಲ್ಲ, ಅರ್ಧವನ್ನು. ಇಲ್ಲಿ ಅಂಥವು ಬಹಳ. ಒಂದೇ ಛಾವಣಿಯ ಕೆಳಗೆ, ನಡುವೆ ಒಂದು ಗೋಡೆ ಎಬ್ಬಿಸಿ, ಎರಡು ಸಂಸಾರಕ್ಕೆಂದು ಕಟ್ಟಿದ ಜೋಡಿಮನೆಗಳು. ಎಡದ ಅರ್ಧ ನಮ್ಮದಾಯಿತು, ಬಲದ ಅರ್ಧವನ್ನು ನನ್ನ ಮೈದುನ ಕೊಂಡ. ಅಣ್ಣತಮ್ಮ ಇಬ್ಬರೂ ಕಾರಿನ ಎಂಜಿನಿಯರುಗಳು. ಬೆಳಿಗ್ಗೆ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಉಡುಪಿಯ ಕಡೆಯ ನಮ್ಮ ನೆಂಟರಿಗೆಲ್ಲ ಇದು ಬಹಳ ಚೆಂದ ಕಂಡಿತು. ಪರದೇಶದಲ್ಲಿಯೂ ಒಟ್ಟಿಗೇ ಇದ್ದಾರಲ್ಲ ಎಂದರು. ಒಟ್ಟಿಗೆ ಇರುವುದೆಂದರೆ ದಿನವೂ ಪಕ್ಕದ ಕಿಟಕಿಯನ್ನು ನೋಡುವುದು ಎಂದು ಅವರಿಗೆ ಯಾರು ಹೇಳಬೇಕು?

ಮನೆ ಕೊಂಡ ಮೇಲೆ ಎರಡೂ ಸಂಸಾರಗಳ ಕೈಯಲ್ಲಿ ಸ್ವಲ್ಪ ದುಡ್ಡು ಉಳಿದಿತ್ತು. ನಾನು ಅದನ್ನು ಅಡುಗೆಮನೆಗೆ ಹಾಕಿದೆ. ಹಳೆಯ ಕಂದು ಕಪಾಟುಗಳನ್ನು ಕೀಳಿಸಿ, ಕಪ್ಪು ಕಲ್ಲಿನ ಕಟ್ಟೆ, ಕೈ ಬಿಟ್ಟರೆ ತಾವೇ ಮೆಲ್ಲಗೆ ಮುಚ್ಚಿಕೊಳ್ಳುವ ಡ್ರಾಯರುಗಳು, ಕೋಣೆಯ ನಡುವೆಯೇ ನಿಂತು ದೋಸೆ ಹೊಯ್ಯಬಹುದಾದಂಥ ದೊಡ್ಡ ಒಲೆ, ಎಲ್ಲ ಬಂತು. ಗಣೇಶ ಚೌತಿಗೆ ಬಂದ ಹೆಂಗಸರು ಡ್ರಾಯರುಗಳನ್ನು ಎಳೆದು ಬಿಟ್ಟು ನೋಡಿದರು.

ನನ್ನ ಓರಗಿತ್ತಿ ಮೈಸೂರಿನವಳು. ಅವಳು ಆ ಕಂದು ಕಪಾಟುಗಳನ್ನೇ ಉಜ್ಜಿ ಇಟ್ಟುಕೊಂಡಳು. ಮನೆಯ ಶಾಖ ಎಲ್ಲೆಲ್ಲಿ ಸೋರುತ್ತದೆ ಎಂದು ನೋಡಿ ಹೇಳುವ ಸಲಹೆಗಾರನೊಬ್ಬನನ್ನು ಕರೆಸಿದಳು. ಎನೆರ್ಗೀಬೆರಾಟರ್ ಎನ್ನುತ್ತಾರೆ ಇಲ್ಲಿ. ಅವನು ಮಡಚುವ ಏಣಿ ಹತ್ತಿ ಅಟ್ಟಕ್ಕೆ ಹೋಗಿ, ಶಾಖ ಸೋರದಂತೆ ಅಲ್ಲಿ ಹಾಸಿದ್ದ ಹಳೆಯ ಗಾಜಿನ ಉಣ್ಣೆ ತೆಳ್ಳಗಾಗಿ, ಅಲ್ಲಲ್ಲಿ ಇಲಿ ಎಳೆದುಹಾಕಿ, ಇದ್ದೂ ಇಲ್ಲದಂತಾಗಿದೆ ಎಂದನಂತೆ. ಎರಡೂ ಅರ್ಧಗಳ ಅಟ್ಟಕ್ಕೆ ಹೊಸ ಉಣ್ಣೆಯನ್ನು ಒಟ್ಟಿಗೆ ಹಾಸಿಸಿದರೆ ಖರ್ಚು ಕಡಿಮೆಯಾಗುತ್ತದೆ ಎಂದು ಅವಳು ನಮ್ಮನ್ನು ಕೇಳಲು ಬಂದಳು. ಬಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತು ಮಾತಾಡಿದಳು. ಕೂತುಕೋ ಎಂದರೂ ಒಳಗೆ ಬರಲಿಲ್ಲ.

ನನ್ನ ಗಂಡ ಕಾಗದದ ಹಿಂದೆ ಏನೋ ಲೆಕ್ಕ ಹಾಕಿದರು. "ಹಾಕಿದ ದುಡ್ಡು ವಾಪಸ್ಸು ಬರುವಾಗ ನಮ್ಮ ಮಗಳ ಮದುವೆ ಆಗಿರ್ತದೆ" ಎಂದರು. ಮಗಳಿಗೆ ಆಗಿನ್ನೂ ಹಾಲುಹಲ್ಲು ಉದುರುವ ವಯಸ್ಸು. ನಾನೂ ನಕ್ಕೆ. ಅವಳು ತನ್ನ ಅರ್ಧಕ್ಕೆ ಮಾತ್ರ ಮಾಡಿಸಿಕೊಂಡಳು. ಯಾರ ಕಣ್ಣಿಗೂ ಬೀಳದ ಜಾಗಕ್ಕೆ ದುಡ್ಡು ಸುರಿಯುವವಳನ್ನು ಕಂಡು ಪಾಪ ಎನಿಸಿತ್ತು.

ಆಮೇಲೆ ಗ್ಯಾಸಿನ ಬೆಲೆ ಏರಿತು. ಇಲ್ಲಿ ಮನೆ ಬೆಚ್ಚಗಿಡುವುದು ಗ್ಯಾಸಿನಿಂದಲೇ. ವರ್ಷದ ಕೊನೆಗೆ ಬಂದ ಹೀಟಿಂಗ್ ಬಿಲ್ಲಿನಲ್ಲಿ ನಾವು ತಿಂಗಳು ತಿಂಗಳು ಮುಂಗಡವಾಗಿ ಕಟ್ಟಿದ್ದು ಸಾಲದು, ಇನ್ನೂ ಕಟ್ಟಿ ಎಂದಿತ್ತು. ಆಚೆಮನೆಗೆ ಕಟ್ಟಿದ್ದರಲ್ಲೇ ಸ್ವಲ್ಪ ಮರಳಿ ಬಂತು. ಸಂಜೆ ಗಂಡ ಇದನ್ನು ಹೇಳಿದಾಗ ನಾನು ಮೆಂತೆ ಸೊಪ್ಪು ಬಿಡಿಸುತ್ತ, ಅವರು ಇಬ್ಬರೇ ಇರುವುದಲ್ಲವೇ, ನಾವು ಮೂವರು ಎಂದೆ. ಗಂಡ ಹೂಂಗುಟ್ಟಿದರು. ಆದರೆ ನನ್ನ ಮಾತಿನ ಮೇಲೆ ನನಗೇ ನಂಬಿಕೆ ಬರಲಿಲ್ಲ.

ಆ ಚಳಿಗಾಲಕ್ಕೇ ಅತ್ತೆ ಬಂದರು. ಅವರಿಗೆ ಒಮ್ಮೆ ಹಿಮ ಬೀಳುವುದನ್ನು ನೋಡಬೇಕಿತ್ತು. ಬೇಸಿಗೆಯಲ್ಲಿ ಬನ್ನಿ ಎಂದರೆ, ಬೇಸಿಗೆ ಉಡುಪಿಯಲ್ಲೇ ಬೇಕಾದಷ್ಟು ಉಂಟು ಎಂದಿದ್ದರು. ಹಿರಿಯ ಮಗನ ಮನೆ ಎಂದು ನಮ್ಮಲ್ಲಿಯೇ ಇಳಿದರು. ಮೇಲಿನ ಕೋಣೆಯನ್ನು ನಾನು ಅವರಿಗೆಂದು ತಿಂಗಳಿನಿಂದ ಸಜ್ಜು ಮಾಡಿದ್ದೆ. ಹೊಸ ಹಾಸಿಗೆ, ಉಣ್ಣೆಯ ಹೊದಿಕೆ, ಕಿಟಕಿಯ ಬಳಿ ಸಣ್ಣ ದೇವರ ಪೀಠ. ಓರಗಿತ್ತಿ ಬಂದು ಎಲ್ಲವನ್ನೂ ನೋಡಿ ಚೆನ್ನಾಗಿದೆ ಅಕ್ಕಾ ಎಂದು ಹೋದಳು. ಅಂದು ನನಗೆ ಬಹಳ ಸಮಾಧಾನವಾಗಿತ್ತು.

ಮೊದಲ ವಾರದಲ್ಲೇ ಅತ್ತೆಗೆ ಚಳಿ ಹತ್ತಿತು. ಒಂದು ಸ್ವೆಟರು ಎರಡಾಯಿತು, ತಲೆಗೆ ಮಫ್ಲರ್ ಬಂತು. ಕೈಗಳನ್ನು ರೇಡಿಯೇಟರಿನ ಮೇಲೆ ಇಟ್ಟುಕೊಂಡೇ ಜಪ ಮಾಡುತ್ತಿದ್ದರು. ನಾನು ಹೀಟರನ್ನು ಪೂರ್ತಿ ತಿರುಗಿಸಿದೆ. ರೇಡಿಯೇಟರು ಸುಡುತ್ತಿತ್ತು, ಕೋಣೆ ಮಾತ್ರ ಬೆಚ್ಚಗಾಗಲಿಲ್ಲ. ಒಂದು ಮಧ್ಯಾಹ್ನ ಆಚೆಮನೆಗೆ ಕಾಫಿಗೆ ಹೋದ ಅತ್ತೆ ಸಂಜೆಯಾದರೂ ಬರಲಿಲ್ಲ. ಮರುದಿನವೂ ಹಾಗೆಯೇ. ಮೂರನೆಯ ದಿನ ನಾನು ಕರೆಯಲು ಹೋದರೆ, ಸ್ವೆಟರುಗಳನ್ನೆಲ್ಲ ಕಳಚಿಟ್ಟು, ಬರೀ ಸೀರೆಯಲ್ಲಿ, ಸೋಫಾದ ಮೇಲೆ ಕಾಲು ಮಡಚಿ ಕೂತು, ಓರಗಿತ್ತಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ನನ್ನ ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ತಲೆಗೆ ಅವರು ಎಣ್ಣೆ ಹಚ್ಚಿದ್ದಿಲ್ಲ. ಕೇಳಿದ್ದರೆ ಹಚ್ಚುತ್ತಿದ್ದರೋ ಏನೋ, ನಾನು ಕೇಳಿರಲಿಲ್ಲ. ಬಾಗಿಲಲ್ಲಿ ನಿಂತವಳಿಗೆ ಅದೆಲ್ಲ ಹೊಳೆಯಲಿಲ್ಲ, ಆ ಎಣ್ಣೆಯ ಬಟ್ಟಲನ್ನೇ ನೋಡಿದೆ.

"ಇಲ್ಲಿ ಬೆಚ್ಚಗೆ ಉಂಟು ಮಾರಾಯ್ತಿ" ಎಂದರು ಅತ್ತೆ. "ಇವತ್ತು ಇಲ್ಲಿಯೇ ಮಲಗ್ತೇನೆ. ನಿನಗೆ ಬೇಜಾರಿಲ್ಲ ಅಲ್ವಾ?"

ನಾನು ಬೇಜಾರು ಎಂತಕ್ಕೆ ಎಂದೆ. ಅವರ ಬಟ್ಟೆ, ಮಾತ್ರೆಯ ಡಬ್ಬಿ, ಜಪದ ಸರ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ನಾನೇ ತಂದುಕೊಟ್ಟೆ.

ಎರಡು ದಿನ ಬಿಟ್ಟು ಹಿಮ ಬಿತ್ತು. ಅತ್ತೆ ಆಚೆಮನೆಯ ಅಂಗಳದಲ್ಲಿ ನಿಂತು ಅಂಗೈ ಚಾಚಿ ಹಿಮ ಹಿಡಿದದ್ದನ್ನು ನಾನು ನಮ್ಮ ಕಿಟಕಿಯಿಂದ ನೋಡಿದೆ. ಮಧ್ಯಾಹ್ನ ಶಾಲೆಯಿಂದ ಬಂದ ಮಗಳು ಬೂಟು ಕಳಚುವ ಮೊದಲೇ ನನ್ನನ್ನು ಬೀದಿಗೆ ಎಳೆದುಕೊಂಡು ಹೋದಳು. ಅವಳು ಮಾತಾಡುವುದು ಅರ್ಧ ಜರ್ಮನ್, ಅರ್ಧ ಕನ್ನಡ; ಅಮ್ಮನನ್ನು ಕರೆಯುವುದೂ ಇಲ್ಲಿಯವರಂತೆ ಮಾಮಾ ಎಂದೇ. "ಮಾಮಾ, ನಮ್ಮ ಡಾಖ್ ಮೇಲೆ ಮಾತ್ರ ಯಾಕೆ ಸ್ನೋ ಇಲ್ಲ?" ಎಂದು ಛಾವಣಿ ತೋರಿಸಿದಳು.

ಹೌದು, ಇರಲಿಲ್ಲ. ಛಾವಣಿಯ ಬಲ ಅರ್ಧ ದಪ್ಪಗೆ, ಬೆಳ್ಳಗೆ, ಹೊದಿಕೆ ಹೊದ್ದಂತಿತ್ತು. ನಡುಗೋಡೆಯ ನೇರಕ್ಕೆ ಗೆರೆ ಎಳೆದಂತೆ ಅದು ನಿಂತುಹೋಗಿ, ಎಡ ಅರ್ಧ ಒದ್ದೆಯಾಗಿ, ಕರ್ರಗೆ, ಹೆಂಚು ಕಾಣಿಸಿಕೊಂಡು ನೀರು ತೊಟ್ಟಿಕ್ಕಿಸುತ್ತಿತ್ತು. ನಾನು ಪೂರ್ತಿ ತಿರುಗಿಸಿಟ್ಟ ಹೀಟರಿನ ಶಾಖವೆಲ್ಲ ಅಟ್ಟ ಹತ್ತಿ, ಹೆಂಚು ದಾಟಿ, ಹಿಮ ಕರಗಿಸಿಕೊಂಡು ಆಕಾಶಕ್ಕೆ ಹೋಗುತ್ತಿತ್ತು. ಬೀದಿಯಲ್ಲಿ ನಾಯಿ ಹಿಡಿದು ಬಂದ ಒಬ್ಬರು ಛಾವಣಿ ನೋಡಿ, ನನ್ನನ್ನು ನೋಡಿ, ಗುಟೆನ್ ಟಾಗ್ ಎಂದು ನಮಸ್ಕರಿಸಿ ಮುಂದೆ ಹೋದರು. ನನ್ನ ಅಡುಗೆಮನೆಯನ್ನು ನೋಡಬೇಕೆಂದರೆ ಒಳಗೆ ಬರಬೇಕು. ಅವಳ ಅಟ್ಟ ಬೀದಿಗೇ ಕಾಣುತ್ತಿತ್ತು.

ಅಂದು ಸಂಜೆಯೇ ಗಂಡನಿಗೆ ನಮ್ಮ ಅಟ್ಟ ಮಾಡಿಸಲೇಬೇಕು ಎಂದೆ. ಅವರು ಮತ್ತೆ ಲೆಕ್ಕ ಹಾಕಿದರು. ಗ್ಯಾಸು ಏರಿದ್ದರಿಂದ ದುಡ್ಡು ಮೊದಲು ಅಂದುಕೊಂಡದ್ದಕ್ಕಿಂತ ಬೇಗ ಮರಳುತ್ತದೆ, ಆದರೆ ಸಾಮಾನಿನ ಬೆಲೆಯೂ ಏರಿದೆ, ಅಂದು ಒಟ್ಟಿಗೆ ಮಾಡಿಸಿದ್ದರೆ ಚೆನ್ನಾಗಿತ್ತು ಎಂದರು. ಅಂದು ಬೇಡ ಎಂದದ್ದು ಅವರೇ. ಆದರೆ ಅವರ ಪಕ್ಕದಲ್ಲಿ ನಕ್ಕದ್ದು ನಾನು. ಹಾಗಾಗಿ ಆ ಮಾತನ್ನು ಅಲ್ಲಿಗೇ ಬಿಟ್ಟೆ.

ವಿಷಯ ತಿಳಿದು ಓರಗಿತ್ತಿ ತಾನಾಗಿಯೇ ಬಂದಳು. ಆಗಲೂ ಅಡುಗೆಮನೆಯ ಹೊಸ್ತಿಲ ಮೇಲೆಯೇ.

"ಅಕ್ಕಾ, ಒಂದು ಮಾತು. ಸಲಹೆಗಾರರನ್ನ ಕರ್ಸಿ, ಮೊದ್ಲು ಅರ್ಜಿ ಹಾಕಿ. ಸರ್ಕಾರದವರು ಒಪ್ಪಿಗೆ ಕೊಡೋ ತನಕ ಏನೂ ಶುರು ಮಾಡ್ಬೇಡಿ. ಶುರು ಮಾಡ್ಬಿಟ್ರೆ ಸಹಾಯಧನ ಸಿಗಲ್ಲ."

"ಎಷ್ಟು ದಿನ ಕಾಯಬೇಕು?" ಎಂದೆ.

"ನಮಗೆ ಬಂದಾಗ ಚಳಿಗಾಲ ಮುಗಿದಿತ್ತು."

ಚಳಿಗಾಲ ಮುಗಿಯುವುದೆಂದರೆ ಅತ್ತೆ ಊರಿಗೆ ಹೋಗಿ ಆಗಿರುತ್ತದೆ. ಇವಳಿಗೆ ಬೇಕಾದದ್ದೂ ಅದೇ ಅಲ್ಲವೇ ಎಂದು ನನ್ನ ಮನಸ್ಸಿಗೆ ಬಂತು. ಅತ್ತೆ ತನ್ನ ಬಳಿಯೇ ಉಳಿಯಲಿ ಎಂದೇ ಈ ಅರ್ಜಿ, ಒಪ್ಪಿಗೆ ಎಂದೆಲ್ಲ ಹೇಳುತ್ತಿದ್ದಾಳೆ. ಗಂಡನೂ ಕಾಯೋಣ ಎಂದರು. ನಾನು ಕೇಳಲಿಲ್ಲ. ಆ ಶನಿವಾರವೇ ಬಾಡಿಗೆಯ ವ್ಯಾನು ತಂದು, ಮನೆಕಟ್ಟುವ ಸಾಮಾನಿನ ಅಂಗಡಿಯಿಂದ ಗಾಜಿನ ಉಣ್ಣೆಯ ಉರುಳೆಗಳನ್ನೂ ಮೇಲೆ ಹಾಸುವ ಹಲಗೆಗಳನ್ನೂ ತುಂಬಿಸಿಕೊಂಡು ಬಂದೆವು. ಸಹಾಯಧನ ಅಲ್ಲಿಗೆ ಹೋಯಿತು. ಕೆಲಸದವರನ್ನು ಕರೆದರೆ ಅವರೂ ತಿಂಗಳುಗಟ್ಟಲೆ ಬರುವುದಿಲ್ಲ ಎಂದು ನಾವೇ ಅಟ್ಟ ಹತ್ತಿದೆವು.

ಗಾಜಿನ ಉಣ್ಣೆ ನೋಡಲು ಮೆತ್ತಗೆ, ಹತ್ತಿಯ ಹಾಗೆ. ಮುಟ್ಟಿದರೆ ಕಾಣದ ಮುಳ್ಳುಗಳು. ಮಾಸ್ಕು, ಕೈಗವಸು, ಕೊರಳಿಗೆ ಸುತ್ತಿದ ಬಟ್ಟೆ, ಏನೆಲ್ಲ ಇದ್ದರೂ ಸಂಜೆಗೆ ಮೈಯೆಲ್ಲ ಕೆರೆತ. ಮಾಡು ತಲೆಗೆ ತಾಗುತ್ತಿದ್ದುದರಿಂದ ಬಗ್ಗಿಯೇ ಕೆಲಸ. ಮಧ್ಯಾಹ್ನದ ಹೊತ್ತಿಗೆ ನನ್ನ ಗಂಡನ ಸೊಂಟ ಹಿಡಿದುಕೊಂಡಿತು. ಅವರು ಕೆಳಗೆ ಹೋಗಿ ಮಲಗಿದರು. ನಾನೊಬ್ಬಳೇ ಉರುಳೆ ಬಿಡಿಸುತ್ತಿದ್ದಾಗ ಏಣಿ ಕಿರ್ ಎಂದಿತು. ಮಾಸ್ಕು ಹಾಕಿಕೊಂಡು ಓರಗಿತ್ತಿ ಮೇಲೆ ಬಂದಳು. ಬಂದವಳೇ ನಾನು ಹಾಸಿದ್ದನ್ನು ನೋಡಿ, ಒತ್ತಿ ಒತ್ತಿ ತುರುಕಬಾರದು, ಉಬ್ಬಿಕೊಂಡೇ ಇರಬೇಕು, ಎರಡನೆಯ ಪದರವನ್ನು ಅಡ್ಡಕ್ಕೆ ಹಾಸಬೇಕು ಎಂದು ಹೇಳಿ, ನಾನು ತುರುಕಿದ್ದನ್ನೆಲ್ಲ ಹೊರಗೆಳೆದಳು. ನನಗೆ ಸಿಟ್ಟು ಬಂತು. ಆದರೆ ಸೊಂಟ ನನ್ನದೂ ನೋಯುತ್ತಿತ್ತು. ಸುಮ್ಮನೆ ಅವಳು ಹೇಳಿದಂತೆ ಮಾಡಿದೆ.

ಅರ್ಧ ಮುಗಿದ ಮೇಲೆ ಇಬ್ಬರೂ ಹಲಗೆಯ ಮೇಲೆ ಕೂತೆವು. ಅವಳು ಮಾಸ್ಕು ಕೆಳಗಿಳಿಸಿ ಉಸಿರು ಬಿಟ್ಟಳು.

"ನಾನು ಯಾಕೆ ನಿಮ್ಮ ಅಡುಗೆಮನೆಗೆ ಬರಲ್ಲ ಗೊತ್ತಾ ಅಕ್ಕಾ?" ಎಂದಳು.

ಗೊತ್ತಿಲ್ಲ ಎಂದೆ.

"ಆ ಡ್ರಾಯರ್‌ಗಳನ್ನ ನೋಡಿ ಮನೆಗೆ ಹೋದ ದಿನ ನಮ್ಮ ಕಪಾಟನ್ನ ಒದ್ದುಬಿಟ್ಟೆ. ಬಾಗಿಲು ಇವತ್ತಿಗೂ ಸರಿಯಾಗಿ ಮುಚ್ಚಲ್ಲ. ನಿಮಗೆ ಅಂಥದ್ದು ಇದೆ, ನನಗೂ ಏನಾದ್ರೂ ಇರ್ಲಿ ಅಂತ್ಲೇ ಅಟ್ಟಕ್ಕೆ ಅಷ್ಟೊಂದು ಓಡಾಡಿದ್ದು. ಗ್ಯಾಸ್ ಬೆಲೆ ಏರುತ್ತೆ ಅಂತ ನಂಗೇನು ಕನಸು ಬಿದ್ದಿತ್ತಾ?"

ನಾನು ಕೈಗವಸು ಕಳಚಿ ಮತ್ತೆ ಹಾಕಿಕೊಂಡೆ. ನಗಬಹುದಿತ್ತು. ನನ್ನ ಹೊಟ್ಟೆಕಿಚ್ಚನ್ನೂ ಹೇಳಿಬಿಡಬಹುದಿತ್ತು, ಅದಕ್ಕಿಂತ ಒಳ್ಳೆಯ ಸಮಯ ಬೇರೆ ಸಿಗುತ್ತಿರಲಿಲ್ಲ. ಆದರೆ ಅವಳು ಎಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ ಎಂಬುದೇ ನನ್ನನ್ನು ಚುಚ್ಚಿತು. ನನಗೆ ಬಾಯಿಗೆ ಬಾರದ ಮಾತು ಅವಳಿಗೆ ಬೆವರು ಒರೆಸಿಕೊಂಡಷ್ಟು ಸುಲಭ. "ಏಳು, ಕತ್ತಲಾಗ್ತದೆ" ಎಂದೆ. ಇಬ್ಬರೂ ಸೇರಿ ಉಳಿದದ್ದನ್ನು ಹಾಸಿದೆವು. ಏಣಿ ಇಳಿಯುವ ಅಟ್ಟದ ಬಾಗಿಲಿನ ಸಂದಿಗೆ ಅವಳು ತಾನು ತಂದಿದ್ದ ರಬ್ಬರ್ ಪಟ್ಟಿ ಅಂಟಿಸಿದಳು.

ಕೋಣೆ ಬೆಚ್ಚಗಾಯಿತು. ಎರಡನೆಯ ದಿನಕ್ಕೇ ಗೊತ್ತಾಯಿತು. ಹೀಟರನ್ನು ಅರ್ಧಕ್ಕೆ ಇಳಿಸಿದರೂ ಬೆಳಿಗ್ಗೆ ಕಾಲಿಗೆ ಚಳಿ ತಾಗುತ್ತಿರಲಿಲ್ಲ. ನಾನು ಹೋಗಿ ಅತ್ತೆಯನ್ನು ಕರೆತಂದೆ. ಅವರು ಗೋಡೆ ಮುಟ್ಟಿ ನೋಡಿ, ಹೌದು, ಈಗ ಇಲ್ಲಿಯೂ ಬೆಚ್ಚಗೆ ಉಂಟು ಎಂದು ಚೀಲ ಬಿಚ್ಚಿದರು. ರಾತ್ರಿ ನಮ್ಮಲ್ಲಿಯೇ ಮಲಗಿದರು. ಮರುದಿನ ಹನ್ನೊಂದು ಗಂಟೆಗೆ ಮತ್ತೆ ಚಪ್ಪಲಿ ಮೆಟ್ಟಿ ಆಚೆಮನೆಗೆ ಹೊರಟರು. ನಾನು ತಡೆದು ಕೇಳಿಯೇಬಿಟ್ಟೆ, ಇಲ್ಲಿ ಇನ್ನೂ ಚಳಿ ಆಗ್ತದಾ ಅತ್ತೆ ಎಂದು.

"ಚಳಿ ಇಲ್ಲ ಮಾರಾಯ್ತಿ. ನೀನು ಯಾವಾಗಲೂ ಒರೆಸುದು, ಜೋಡಿಸುದು. ಅವಳು ಕೂತು ಮಾತಾಡ್ತಾಳೆ" ಎಂದರು. ಹೇಳಿ, ನನ್ನ ಕೆನ್ನೆ ಸವರಿ ಹೋದರು. ಅವರ ದನಿಯಲ್ಲಿ ದೂರು ಇರಲಿಲ್ಲ. ನಾನು ಅಡುಗೆಮನೆಗೆ ಬಂದು, ಒರೆಸಿದ್ದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಒಂದು ಲೋಟ ಚಹಾ ಮಾಡಿಕೊಂಡು ಕುಡಿದೆ. ಆಮೇಲೆ ನಾನೂ ಹೋದೆ, ಅವರಿಬ್ಬರ ಜೊತೆ ಕೂತೆ. ಮೊದಲ ದಿನ ಲೋಟ ತೊಳೆಯುವ ನೆಪದಲ್ಲಿ ಎರಡು ಸಲ ಎದ್ದೆ. ಅತ್ತೆ ಊರಿಗೆ ಹೊರಡುವ ಹೊತ್ತಿಗೆ ಕೂತು ಮಾತಾಡುವುದು ಸ್ವಲ್ಪ ಅಭ್ಯಾಸವಾಗಿತ್ತು.

ಮುಂದಿನ ವರ್ಷದ ಬಿಲ್ಲಿನಲ್ಲಿ ನಮಗೂ ದುಡ್ಡು ಮರಳಿ ಬಂತು. ಸಹಾಯಧನ ತಪ್ಪಿದ್ದರಿಂದ ಹಾಕಿದ್ದು ಪೂರ್ತಿ ಹಿಂದೆ ಬರಲು ಓರಗಿತ್ತಿಗಿಂತ ನಮಗೆ ಇನ್ನೂ ಕೆಲವು ವರ್ಷ ಹೆಚ್ಚು ಬೇಕು ಎಂದು ಗಂಡನ ಲೆಕ್ಕ. ಆದರೂ ನನಗೆ ಹೆಮ್ಮೆಯಾಯಿತು. ಬೇಲಿಯ ಆಚೆ ಅವಳು ಬಟ್ಟೆ ಒಣಹಾಕುತ್ತಿದ್ದಾಗ, ನಮಗೆ ಇಷ್ಟು ಬಂತು, ನಿಮಗೆಷ್ಟು ಎಂದು ಕೇಳಿದೆ. ಅವಳು ಕ್ಲಿಪ್ಪು ಸಿಕ್ಕಿಸುತ್ತ, ನಮ್ಮದಕ್ಕಿಂತ ಸ್ವಲ್ಪ ಕಡಿಮೆಯ ಒಂದು ಮೊತ್ತ ಹೇಳಿದಳು. ಈ ಸಲ ನೀವೇ ಗೆದ್ರಿ ಅಕ್ಕಾ ಎಂದು ನಕ್ಕಳು. ನಾನು ಅಂದು ಇಡೀ ದಿನ ಹಗುರವಾಗಿದ್ದೆ. ಸಂಜೆಗೆ ಪಾಯಸ ಮಾಡಿದೆ.

ಊಟಕ್ಕೆ ಕೂತಾಗ ಗಂಡ, ಬೆಳಿಗ್ಗೆ ಕಾರಿನಲ್ಲಿ ತಮ್ಮ ಹೇಳಿದ ಎಂದು ಆಚೆಮನೆಯ ಮೊತ್ತ ಹೇಳಿದರು. ಅದು ಅವಳು ಹೇಳಿದ್ದಲ್ಲ. ನಮ್ಮದಕ್ಕಿಂತ ಬಹಳ ಹೆಚ್ಚು. ನನ್ನ ಮುಖ ಸಪ್ಪಗಾಗದಿರಲಿ ಎಂದು ಅವಳು ಬೇಲಿಯ ಬಳಿ ನಿಂತಲ್ಲೇ ಅದನ್ನು ಇಳಿಸಿ ಹೇಳಿದ್ದಳು. ಗಂಡನಿಗೆ ಇದೇನೂ ಗೊತ್ತಿರಲಿಲ್ಲ, ಪಾಯಸ ಇನ್ನೊಂದು ಸೌಟು ಹಾಕು ಎಂದರು. ನಾನು ಹಾಕಿದೆ. ಅವಳ ಬಿಲ್ಲಿನ ಬಗ್ಗೆ ನನಗೆ ಅಂದು ಏನೂ ಅನ್ನಿಸಲಿಲ್ಲ. ಅಷ್ಟು ಥಟ್ಟನೆ, ಯೋಚಿಸದೆ, ಇನ್ನೊಬ್ಬರ ಮನಸ್ಸು ಉಳಿಸಲು ಸುಳ್ಳು ಹೇಳಲು ಅವಳಿಗೆ ಬರುತ್ತದಲ್ಲ, ಅದನ್ನು ಕಂಡು ಮತ್ತೆ ಹೊಟ್ಟೆ ಉರಿಯಿತು.