ಹಾದಿಯಲ್ಲಿ ಮಾತನಾಡಿಸದ ಹಾಲಮ್ಮನವರು

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಎಚ್‌ಐವಿ ಎಂಬ ಮಾತನ್ನೇ ಜನ ಬಾಗಿಲು ಹಾಕಿಕೊಂಡು ಆಡುತ್ತಿದ್ದ ದಿನಗಳಿಂದ ಇಂದಿನವರೆಗೆ ಆಪ್ತಸಮಾಲೋಚಕಿಯಾಗಿ ದುಡಿದು, ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಹಾಲಮ್ಮನವರ ಕುರಿತು ಬರೆಯಬೇಕೆಂದು ಈ ಅಭಿನಂದನಾ ಸಂಪುಟದ ಸಂಪಾದಕರು ಕೇಳಿದಾಗ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಅವರಿಂದ ಬದುಕು ಪಡೆದವರು ಈ ಸಂಪುಟಕ್ಕೆ ಬರೆಯುವಂತಿಲ್ಲ. ಬರೆದರೆ ತಮ್ಮ ಕಾಯಿಲೆಯನ್ನು ತಾವೇ ಊರಿಗೆ ಸಾರಿದಂತೆ. ಹೀಗಾಗಿ, ಅವರ ಪಕ್ಕದ ಕೋಣೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡಿಕೊಂಡಿದ್ದ ಶಿವರಾಮನೆಂಬ ನನ್ನ ಪಾಲಿಗೆ ಈ ಕೆಲಸ ಬಂದಿದೆ.

ನಮ್ಮ ಚಿಕಿತ್ಸಾಲಯ ಶಿಕಾರಿಪುರದಲ್ಲಿದ್ದರೂ ಬರುತ್ತಿದ್ದವರು ಹೆಚ್ಚಾಗಿ ಸೊರಬ, ಉಳವಿ ಕಡೆಯವರು. ಶಿಕಾರಿಪುರದವರು ಸೊರಬಕ್ಕೆ ಹೋಗುತ್ತಿದ್ದರು. ಗುರುತಿನವರ ಕಣ್ಣಿಗೆ ಬೀಳಬಾರದೆಂಬ ಈ ಅದಲುಬದಲು ಹೊಸ ವೈದ್ಯರಿಗೆ ತಮಾಷೆಯಾಗಿ ಕಾಣುತ್ತಿತ್ತು. ಹಾಲಮ್ಮನವರು ಮಾತ್ರ ‘ಇಷ್ಟು ದೂರ ಯಾಕೆ ಬಂದಿರಿ’ ಎಂದು ಯಾರನ್ನೂ ಕೇಳಿದವರಲ್ಲ. ಬಸ್ಸಿನ ಕುಲುಕಾಟಕ್ಕೆ ಮಾತ್ರೆ ಸದ್ದು ಮಾಡೀತೆಂದು ಡಬ್ಬಿಯೊಳಗೆ ಹತ್ತಿ ತುರುಕಿ ಕೊಡುತ್ತಿದ್ದರು. ರೋಗ ಹೇಗೆ ಹರಡುತ್ತದೆಂದು ಸಮೀಕ್ಷೆಯವರು ಕೇಳಿದರೆ ನಮ್ಮ ರೋಗಿಗಳು ಪಾಠ ಒಪ್ಪಿಸಿದಂತೆ ಹೇಳುತ್ತಿದ್ದರು. ನಿರೋಧ್ ಬಳಸುತ್ತೀರಾ ಎಂದರೆ ನೆಲ ನೋಡುತ್ತಿದ್ದರು. “ಗೊತ್ತಿಲ್ದೆ ಬಂದೋರು ಕಮ್ಮಿ ಕಣ್ರೀ ಶಿವರಾಮ, ಮನೇಲಿ ಹೇಳೋಕಾಗ್ದೆ ಬಂದೋರೇ ಜಾಸ್ತಿ” ಎನ್ನುತ್ತಿದ್ದರು ಹಾಲಮ್ಮನವರು.

ಅವರದೊಂದು ನೇಮವಿತ್ತು. ಚಿಕಿತ್ಸಾಲಯದ ಹೊರಗೆ, ಸಂತೆಯಲ್ಲಿ, ಮದುವೆ ಮನೆಯಲ್ಲಿ, ರೋಗಿಗಳು ಎದುರಾದರೆ ಗುರುತೇ ಇಲ್ಲದವರಂತೆ ಮುಂದೆ ಹೋಗಿಬಿಡುವುದು. ತಾವು ಒಮ್ಮೆ ನಕ್ಕರೂ ಪಕ್ಕದಲ್ಲಿದ್ದವರು ‘ಇವರು ನಿಮಗೆ ಹೇಗೆ ಗೊತ್ತು’ ಎಂದು ಕೇಳುತ್ತಾರೆಂಬುದು ಅವರ ಅಂಜಿಕೆ. ತಿಳಿಯದವರು ಅವರನ್ನು ಜಂಬದ ಹೆಂಗಸೆಂದರು. ಆ ಮಾತನ್ನು ಅವರು ಎಂದೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಪ್ರದೀಪ್ ಎಂಬ ಹಾರ್ವೆಸ್ಟರ್ ಚಾಲಕನ ಸಂಗತಿಯನ್ನು ಇಲ್ಲಿ ಬರೆಯಲೇಬೇಕು. ಹೆಸರುಗಳನ್ನು ಬದಲಿಸಿದ್ದೇನೆ, ಬರೆಯಲು ಆತನ ಹೆಂಡತಿ ಮಾಲಾ ಒಪ್ಪಿದ್ದಾರೆ, ಹಾಲಮ್ಮನವರೂ ಬೇಡವೆನ್ನಲಿಲ್ಲ. ಸೋಂಕು ಇರುವುದನ್ನು ಆತ ಹೆಂಡತಿಗೆ ತಿಳಿಸಿರಲಿಲ್ಲ. “ನೀವೇ ಹೇಳ್ರಿ, ಇಲ್ಲಾಂದ್ರೆ ಕರ್ಕಂಡು ಬರ್ರಿ, ಇಬ್ಬರೂ ಸೇರಿ ಹೇಳನ” ಎಂದು ಹಾಲಮ್ಮನವರು ಪ್ರತಿ ಸಲವೂ ಬೇಡಿಕೊಳ್ಳುತ್ತಿದ್ದರು. ಆತ ತಲೆಯಾಡಿಸಿ, ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದ. ಒಂದು ದಿನ ಆನವಟ್ಟಿಯ ಬಸ್ ನಿಲ್ದಾಣದಲ್ಲಿ ಹೆಂಡತಿಯೊಡನೆ ಆತ ತಮ್ಮತ್ತಲೇ ಬರುತ್ತಿರುವುದನ್ನು ಕಂಡ ಹಾಲಮ್ಮನವರು, ತಮ್ಮಿಂದಾಗಿ ಆತ ಹೆಂಡತಿಯೆದುರು ಎಲ್ಲಿ ಸಿಕ್ಕಿಬೀಳುತ್ತಾನೋ ಎಂದು ಗಾಬರಿಯಾಗಿ, ಮುಖ ತಿರುಗಿಸಿಕೊಂಡು, ಹೊರಡಲಿದ್ದ ಸೊರಬದ ಬಸ್ಸು ಹತ್ತಿಬಿಟ್ಟರು.

ಆಮೇಲೆ ಪ್ರದೀಪ್ ಮಾತ್ರೆಗೆ ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಮನೆಗೆ ಹೋದರೆ ಗುಟ್ಟು ರಟ್ಟಾಗುತ್ತದೆಂದು ಹಾಲಮ್ಮನವರು ಹೋಗಲಾರದೆ ಒದ್ದಾಡಿದರು. ಮುಂದಿನ ವರ್ಷ ಆತ ಕ್ಷಯ ಬಲಿತು ತೀರಿಕೊಂಡ. ಗಂಡನ ಸೋಂಕಿನ ವಿಷಯವನ್ನು ದೊಡ್ಡಾಸ್ಪತ್ರೆಯವರು ಹೇಳಿದ ಮೇಲೆಯೇ ಮಾಲಾ ಪರೀಕ್ಷೆಗೆಂದು ನಮ್ಮಲ್ಲಿಗೆ ಬಂದರು. ಸೋಂಕು ಅವರಿಗೂ ತಗುಲಿತ್ತು. ಹಾಲಮ್ಮನವರನ್ನು ಕಂಡೊಡನೆ ಆಕೆ ಗುರುತು ಹಿಡಿದರು.

“ಅವತ್ತು ಆನವಟ್ಟೀಲಿ ನಿಮ್ಮನ್ನ ತೋರ್ಸಿ, ‘ಬಾ, ಅವರ ಹತ್ರ ಒಂದು ವಿಷ್ಯ ಮಾತಾಡದೈತಿ’ ಅಂತ ನನ್ನ ಕರ್ಕಂಡು ಬಂದಿದ್ರು. ನೀವು ಬಸ್ ಹತ್ತಿಬಿಟ್ರಿ. ‘ಹೋಗ್ಲಿ ಬಿಡು, ಬೇರೆ ಯಾರೋ’ ಅಂದ್ರು.”

ಅಷ್ಟು ವರ್ಷಗಳಲ್ಲಿ ರೋಗಿಯ ಎದುರು ಹಾಲಮ್ಮನವರು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ. ನಡೆದದ್ದನ್ನೆಲ್ಲ ಅವರು ಮಾಲಾ ಅವರಿಗೆ ಬಿಡಿಸಿ ಹೇಳಿದರು, ತಮ್ಮ ತಪ್ಪನ್ನೂ ಮುಚ್ಚಿಡಲಿಲ್ಲ. ಒಳ್ಳೆಯದನ್ನೇ ಬಯಸಿದ ಜೀವಕ್ಕೆ ಇಂಥ ಶಿಕ್ಷೆಯೇ ಎಂದು ನಾನು ಈಗಲೂ ಮರುಗುತ್ತೇನೆ.

ಅಂದಿನಿಂದ ಅವರು ಹಳೆಯ ನೇಮವನ್ನು ಬಿಟ್ಟು, ಬಂದ ಪ್ರತಿಯೊಬ್ಬರನ್ನೂ ‘ಹೊರಗೆ ಸಿಕ್ಕಾಗ ನಿಮ್ಮನ್ನು ಮಾತನಾಡಿಸಲೇ’ ಎಂದು ಕೇಳತೊಡಗಿದರು. ಹೆಚ್ಚಿನವರು ಬೇಡವೆಂದರು, ಇಂದಿಗೂ ಬೇಡವೆನ್ನುತ್ತಾರೆ. ಮೊದಲು ಕೇಳಿದ್ದು ಮಾಲಾ ಅವರನ್ನೇ. ಆಕೆ ಸೆರಗಿನ ಅಂಚು ತಿರುವುತ್ತ, “ಮಾತಾಡ್ಸ್ರಿ ಮೇಡಂ. ಅವರನ್ನಂತೂ ಮಾತಾಡ್ಸ್ಲಿಲ್ಲ, ನನ್ನನ್ನಾದ್ರೂ ಮಾತಾಡ್ಸ್ರಿ” ಎಂದರು.

ಪೂಜ್ಯ ಹಾಲಮ್ಮನವರೇ, ಸನ್ಮಾನದ ಶಾಲು ಹಾರಗಳಿಂದ ನಿಮ್ಮ ಆ ನೋವು ಹೋಗದೆಂದು ನಾನು ಬಲ್ಲೆ. ನಿಮಗೆ ಆರೋಗ್ಯವಿರಲಿ, ಕೇಳುವ ಕಿವಿಯೂ ಸಂತೈಸುವ ಮಾತೂ ನಿವೃತ್ತಿಯ ಮೇಲೂ ಈ ಸೀಮೆಗೆ ದಕ್ಕುತ್ತಿರಲಿ. ನೀವು ಉಳಿಸಿದವರು, ಯಾರ ಅಂಜಿಕೆಯೂ ಇಲ್ಲದೆ, ನಡುರಸ್ತೆಯಲ್ಲಿ ನಿಮ್ಮ ಹೆಸರು ಹಿಡಿದು ಕೂಗುವ ದಿನವನ್ನು ಕಾಣುವಷ್ಟು ಕಾಲ ನೀವು ಬಾಳಬೇಕು.